ಹೊಗೆ ತಣ್ಣಗಾಗಬಾರದು

ಒಂದು ಕಿಲೋ ಸೌದೆ ಉರಿದು ಬೂದಿಯಾಗುವಷ್ಟರಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬಿದ್ದಿರುತ್ತದೆ. ಒಣ ಸೌದೆಯಲ್ಲಿ ಇಷ್ಟೊಂದು ನೀರು ಎಲ್ಲಿಂದ ಬಂತು? ಚೆನ್ನಾಗಿ ಒಣಗಿಸಿದ ಸೌದೆಯಲ್ಲೂ ತೂಕದ ಐದನೇ ಒಂದು ಪಾಲಿನಷ್ಟು ತೇವ ಉಳಿದಿರುತ್ತದೆ. ಮಿಕ್ಕ ನೀರು ಬೆಂಕಿಯಲ್ಲೇ ಹುಟ್ಟುತ್ತದೆ. ಮರದೊಳಗಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಕೂಡಿದರೆ ಆಗುವುದು ನೀರೇ. ಸಂಜೆಯೆಲ್ಲ ಕೂತು ಹತ್ತು ಕಿಲೋ ಸೌದೆ ಉರಿಸಿದ ಮನೆಯ ಹೊಗೆಗೊಳವೆಯಲ್ಲಿ ಸುಮಾರು ಆರು ಲೀಟರ್ ನೀರು ಕಣ್ಣಿಗೆ ಕಾಣದಂತೆ ಮೇಲೇರಿರುತ್ತದೆ.

ಮಲೆನಾಡಿನ ಬಚ್ಚಲುಮನೆಯ ಹಂಡೆ ಒಲೆಗೆ ತಗಡಿನ ಹೊಗೆಕೊಳವೆ ಹಾಕಿಸಿದವರಿಗೆ ಇದರ ಗುರುತು ಸಿಕ್ಕಿರುತ್ತದೆ. ಹಸಿ ಸೌದೆ ಒಟ್ಟಿದ ದಿನ ಕೊಳವೆಯ ಸಂದಿನಿಂದ ಕಪ್ಪನೆಯ, ಅಂಟಂಟಾದ, ಘಾಟು ನಾತದ ದ್ರವ ಗೋಡೆಯ ಮೇಲೆ ಇಳಿಯುತ್ತದೆ. ನಮ್ಮಲ್ಲಿ ಅದರಿಂದ ಗೋಡೆ ಕೊಳೆಯಾಗುತ್ತದೆ, ಕೆಲವು ವರ್ಷಕ್ಕೆ ತಗಡು ತೂತಾಗುತ್ತದೆ. ಚಳಿಗಾಲವಿಡೀ ಮನೆಯೊಳಗೆ ಬೆಂಕಿ ಉರಿಸುವ ಬ್ರಿಟನ್, ಅಮೆರಿಕಗಳಲ್ಲಿ ಇದೇ ದ್ರವ ಮನೆಗೆ ಬೆಂಕಿ ಹಚ್ಚಬಲ್ಲದು, ಮನೆಯವರ ಉಸಿರು ನಿಲ್ಲಿಸಬಲ್ಲದು. ಇದನ್ನು ತಡೆಯಲೆಂದೇ ಅಲ್ಲಿನ ಹಳೆಯ ಇಟ್ಟಿಗೆ ಚಿಮಣಿಗಳೊಳಗೆ ಸ್ಟೇನ್‌ಲೆಸ್ ಸ್ಟೀಲಿನ ಇನ್ನೊಂದು ಕೊಳವೆಯನ್ನು ಇಳಿಸುತ್ತಾರೆ. ಅದರ ಹೆಸರು ಲೈನರ್.

ಸಗಣಿ ಗಾರೆಯ ಚಿಮಣಿಗಳು

ಬ್ರಿಟನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದ ಲಕ್ಷಾಂತರ ಮನೆಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳ ಚಿಮಣಿಯ ಒಳದಾರಿ ಸಾಮಾನ್ಯವಾಗಿ ಒಂಬತ್ತು ಅಂಗುಲ ಉದ್ದ, ಒಂಬತ್ತು ಅಂಗುಲ ಅಗಲ. ಆ ಇಕ್ಕಟ್ಟಿನೊಳಗೆ ಮಸಿ ಕೆರೆಯಲು ಚಿಕ್ಕ ಹುಡುಗರನ್ನು ಹತ್ತಿಸುತ್ತಿದ್ದರು. 1875ರಲ್ಲಿ ಕೇಂಬ್ರಿಜ್ ಬಳಿಯ ಫುಲ್‌ಬೋರ್ನ್ ಆಸ್ಪತ್ರೆಯ ಚಿಮಣಿಯಲ್ಲಿ ಸಿಕ್ಕಿಕೊಂಡ ಜಾರ್ಜ್ ಬ್ರೂಸ್ಟರ್ ಎಂಬ ಹನ್ನೊಂದರ ಬಾಲಕ ಸತ್ತ. ಅದೇ ವರ್ಷ ಬಂದ ಕಾಯಿದೆ ಈ ಕ್ರೌರ್ಯಕ್ಕೆ ಕೊನೆ ಹಾಡಿತು.

ಅಂದಿನ ಗಾರೆಯವರು ಚಿಮಣಿಯ ಒಳಮೈಗೆ ಸುಣ್ಣದ ಗಾರೆ ಬಳಿಯುತ್ತಿದ್ದರು. ಬಿಸಿಗೆ ಬಿರುಕು ಬಿಡದಿರಲಿ ಎಂದು ಅದಕ್ಕೆ ಹಸುವಿನ ಸಗಣಿ ಬೆರೆಸುತ್ತಿದ್ದದ್ದೂ ಉಂಟು. ಆದರೆ ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕವಿರುತ್ತದೆ. ಅದು ತೇವದೊಡನೆ ಸೇರಿ ಆಮ್ಲವಾಗಿ, ಗಾರೆಯ ಸುಣ್ಣವನ್ನು ಸಲ್ಫೇಟ್ ಆಗಿ ಮಾರ್ಪಡಿಸುತ್ತದೆ. ಸಲ್ಫೇಟ್ ಆದ ಗಾರೆ ಉಬ್ಬುತ್ತದೆ, ಪುಡಿಯಾಗಿ ಉದುರುತ್ತದೆ. ಮಳೆ ಹೊಡೆಯುವ ಮಗ್ಗುಲಲ್ಲಿ ತೇವ ಹೆಚ್ಚಾದ್ದರಿಂದ ಉಬ್ಬುವುದೂ ಹೆಚ್ಚು. ಅಲ್ಲಿನ ಸೂರುಗಳ ಮೇಲೆ ಒಂದು ಕಡೆಗೆ ವಾಲಿ ನಿಂತ ಚಿಮಣಿಗಳು ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಹೊಸದಾಗಿ ಕಟ್ಟುವ ಚಿಮಣಿಗಳಿಗೆ ಒಳಪದರ ಇರಲೇಬೇಕೆಂಬ ನಿಯಮ ಬ್ರಿಟನ್ನಿನಲ್ಲಿ ಬಂದದ್ದು 1960ರ ದಶಕದಲ್ಲಿ. ಅದಕ್ಕಿಂತ ಹಳೆಯ ಚಿಮಣಿಗಳ ಗತಿ ಗಾರೆಯ ಆಯಸ್ಸಿನ ಮೇಲೆ ನಿಂತಿದೆ.

ಬಿಸಿಯೇ ಎಂಜಿನ್

ಚಿಮಣಿ ಎಂದರೆ ಹೊಗೆ ಹೋಗಲು ಬಿಟ್ಟ ತೂತು ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅದೊಂದು ಯಂತ್ರ. ಅದನ್ನು ಓಡಿಸುವುದು ಬಿಸಿ. ಸೊನ್ನೆ ಡಿಗ್ರಿ ಚಳಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.3 ಕಿಲೋ ತೂಗುತ್ತದೆ. ಅದೇ ಗಾಳಿಯನ್ನು 200 ಡಿಗ್ರಿಗೆ ಕಾಯಿಸಿದರೆ ಅಷ್ಟೇ ಜಾಗದಲ್ಲಿ 750 ಗ್ರಾಂ ಮಾತ್ರ ಹಿಡಿಯುತ್ತದೆ. ಹೊರಗಿನ ಭಾರದ ಗಾಳಿ ಕೆಳಗಿನಿಂದ ನುಗ್ಗಿ ಒಳಗಿನ ಹಗುರ ಹೊಗೆಯನ್ನು ಮೇಲಕ್ಕೆ ದಬ್ಬುತ್ತದೆ. ಆರು ಮೀಟರ್ ಎತ್ತರದ ಚಿಮಣಿಯಲ್ಲಿ ಈ ಸೆಳೆತ ಲೆಕ್ಕಕ್ಕೆ 32 ಪ್ಯಾಸ್ಕಲ್ ಆಗುತ್ತದೆ. ಹೊಗೆ 50 ಡಿಗ್ರಿಗೆ ತಣಿದರೆ ಅದು 12 ಪ್ಯಾಸ್ಕಲ್‌ಗೆ ಇಳಿಯುತ್ತದೆ. ಅಂದರೆ ಮೂರರಲ್ಲಿ ಎರಡು ಪಾಲು ಶಕ್ತಿ ಹೋದಂತೆ.

ಹಿಂದಿನವರ ತೆರೆದ ಒಲೆ ಬಿಸಿಯ ಬಹುಪಾಲನ್ನು ಚಿಮಣಿಗೇ ಸುರಿಯುತ್ತಿತ್ತು. ಅದು ಶುದ್ಧ ದಂಡ. ಆದರೆ ಆ ದಂಡದಿಂದಲೇ ಇಟ್ಟಿಗೆ ಬೆಚ್ಚಗಿರುತ್ತಿತ್ತು, ಹೊಗೆ ಸಲೀಸಾಗಿ ಹೋಗುತ್ತಿತ್ತು. ಈಗ ಬಂದಿರುವ ಗಾಜಿನ ಬಾಗಿಲಿನ ಉಕ್ಕಿನ ಒಲೆಗಳು ಬಿಸಿಯ ಮುಕ್ಕಾಲು ಪಾಲನ್ನು ಕೋಣೆಯಲ್ಲೇ ಉಳಿಸಿಕೊಳ್ಳುತ್ತವೆ. ಸೌದೆ ಉಳಿಯಿತು, ನಿಜ. ಆದರೆ ಚಿಮಣಿಗೆ ಹೋಗುವ ಹೊಗೆ ಕಡಿಮೆಯಾಯಿತು, ತಣ್ಣಗಾಯಿತು. ಅಗಲವಾದ, ತಣ್ಣನೆಯ ಇಟ್ಟಿಗೆ ದಾರಿಯಲ್ಲಿ ಅದು ನಿಧಾನವಾಗಿ ತೆವಳುತ್ತದೆ. ಸುಮಾರು 120 ಡಿಗ್ರಿಗಿಂತ ಕೆಳಗಿಳಿದಾಗ ಅದರಲ್ಲಿನ ಡಾಂಬರಿನಂಥ ಅಂಶಗಳು ಗೋಡೆಗೆ ಅಂಟಿ ಕ್ರಿಯೊಸೋಟ್ ಎಂಬ ಪದರವಾಗುತ್ತವೆ. ಇನ್ನೂ ತಣಿದರೆ ನೀರಾವಿಯೂ ಹನಿಗಟ್ಟುತ್ತದೆ.

ಕ್ರಿಯೊಸೋಟ್ ಒಳ್ಳೆಯ ಇಂಧನ. ಒಂದು ಕಿಡಿ ತಾಗಿದರೆ ಚಿಮಣಿಯೇ ಉರಿಯತೊಡಗುತ್ತದೆ, ಶಾಖ ಸಾವಿರ ಡಿಗ್ರಿ ದಾಟಬಹುದು. ಗಾರೆ ಉದುರಿದ ಸಂದಿನಿಂದ ಆ ಬೆಂಕಿ ಪಕ್ಕದ ಮರದ ತೊಲೆಗೆ ದಾಟುತ್ತದೆ. 1940ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್ ಒಳಪದರವಿಲ್ಲದ ಚಿಮಣಿಗಳನ್ನು ಪರೀಕ್ಷಿಸಿದಾಗ, ಒತ್ತಿನಲ್ಲಿದ್ದ ಮರ ಮೂರೂವರೆ ಗಂಟೆಯಲ್ಲೇ ಹೊತ್ತಿಕೊಂಡಿತ್ತು. ಸಂದಿನಿಂದ ಬೆಂಕಿ ಬಾರದಿದ್ದರೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮಲಗಿದವರು ಏಳುವುದಿಲ್ಲ.

ಉಕ್ಕಿನ ಆಯ್ಕೆ

ಲೈನರ್ ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಸೂರು ದಾಟುವವರೆಗೂ ಹೊಗೆಯನ್ನು ಬಿಸಿಯಾಗಿಡುವುದು, ದಾರಿಯಲ್ಲಿ ಎಲ್ಲೂ ಸೋರಲು ಬಿಡದಿರುವುದು. ಒಂಬತ್ತು ಅಂಗುಲದ ಚೌಕಕ್ಕೆ ಹೋಲಿಸಿದರೆ ಆರು ಅಂಗುಲ ವ್ಯಾಸದ ಕೊಳವೆಯ ಬಾಯಿ ಸುಮಾರು ಮೂರನೇ ಒಂದು ಪಾಲು. ಅಷ್ಟೇ ಹೊಗೆ ಅದರಲ್ಲಿ ಮೂರು ಪಟ್ಟು ಬೇಗ ಓಡುತ್ತದೆ, ತಣಿಯಲು ಪುರುಸೊತ್ತೇ ಇರುವುದಿಲ್ಲ.

ಇದಕ್ಕೆ ಒದಗಿಬಂದ ಲೋಹ ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಬಂದೂಕದ ನಳಿಗೆ ಸವೆಯದಂತೆ ಮಾಡುವ ದಾರಿ ಹುಡುಕುತ್ತಿದ್ದ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಉಕ್ಕಿಗೆ ಶೇಕಡಾ 12.8ರಷ್ಟು ಕ್ರೋಮಿಯಂ ಸೇರಿಸಿ ಎರಕ ಹೊಯ್ದರು. ಕ್ರೋಮಿಯಂ ಗಾಳಿಯೊಡನೆ ಕೂಡಿ ಮೇಲ್ಮೈಯಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ.

ಹೊಗೆಯಲ್ಲಿನ ಕ್ಲೋರೈಡ್ ಮಾತ್ರ ಈ ಪೊರೆಯನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಆದ್ದರಿಂದ ನಮ್ಮ ಅಡುಗೆಮನೆಯ ಪಾತ್ರೆಗಳಿಗೆ ಬಳಸುವ 304 ದರ್ಜೆ ಇಲ್ಲಿ ಸಾಲದು. ಸೌದೆ ಒಲೆಗೆ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316ಎಲ್ ದರ್ಜೆ ಬೇಕು. ‘ಎಲ್’ ಎಂದರೆ ಇಂಗಾಲ ಶೇಕಡಾ 0.03ರ ಒಳಗೆ ಎಂದರ್ಥ. ಇಂಗಾಲ ಹೆಚ್ಚಿದ್ದರೆ ಚಿಮಣಿಯ ಬೆಂಕಿಯಂಥ ಶಾಖದಲ್ಲಿ ಅದು ಕ್ರೋಮಿಯಂ ಅನ್ನು ಕಿತ್ತುಕೊಂಡು ಉಕ್ಕಿನ ಹರಳುಗಳ ಅಂಚನ್ನು ದುರ್ಬಲ ಮಾಡುತ್ತದೆ. ಕಲ್ಲಿದ್ದಲಿನ ಉಂಡೆ ಉರಿಸುವ ಮನೆಗೆ 904ಎಲ್ ಒಳ್ಳೆಯದು. ಅದರಲ್ಲಿ ಮಾಲಿಬ್ಡಿನಂ ಇನ್ನೂ ಹೆಚ್ಚು, ಜೊತೆಗೆ ಗಂಧಕಾಮ್ಲವನ್ನು ತಡೆಯುವ ತಾಮ್ರವೂ ಇದೆ.

ಬಲ್ಲವರ ಕೈ

ಒಳ್ಳೆಯ ಉಕ್ಕು ತಂದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಅದನ್ನು ಕೂಡಿಸುವವರ ಕೈಯಲ್ಲಿದೆ. ಪಳಗಿದವರು ಮೊದಲು ಹಳೆಯ ಚಿಮಣಿಯ ಮಸಿಯನ್ನು ಪೂರ್ತಿ ತೆಗೆಯುತ್ತಾರೆ. ಲೈನರಿನ ಹಿಂದೆ ಕ್ರಿಯೊಸೋಟ್ ಉಳಿದರೆ ಬೆಂಕಿಗೆ ಮೇವು ಬಚ್ಚಿಟ್ಟಂತೆ. ಆಮೇಲೆ ಕ್ಯಾಮೆರಾ ಇಳಿಸಿ ಬಿರುಕು, ತಿರುವು, ಗೋಡೆಯೊಳಗೆ ಚಾಚಿದ ತೊಲೆ ಎಲ್ಲವನ್ನೂ ನೋಡುತ್ತಾರೆ. ಕೊಳವೆಯ ಅಳತೆಯನ್ನು ಒಲೆಯ ಬಾಯಿಗೆ ಹೊಂದಿಸಿ ನಿರ್ಧರಿಸುತ್ತಾರೆ. ಚಿಕ್ಕದಾದರೆ ಹೊಗೆ ಕೋಣೆಗೆ ಮರಳುತ್ತದೆ, ದೊಡ್ಡದಾದರೆ ತಣಿಯುತ್ತದೆ.

ಇಳಿಸಲು ಕನಿಷ್ಠ ಇಬ್ಬರು ಬೇಕು. ಸೂರಿನ ಮೇಲಿರುವವರು ಸುರುಳಿಯಾಗಿ ಬಾಗುವ ಕೊಳವೆಯನ್ನು ಬಿಡುತ್ತ ಹೋಗುತ್ತಾರೆ, ಒಲೆಯ ಬಳಿ ಇರುವವರು ಅದರ ಮೂತಿಗೆ ಕಟ್ಟಿದ ಹಗ್ಗವನ್ನು ಹದವಾಗಿ ಎಳೆಯುತ್ತಾರೆ. ಕೊಳವೆಯ ಮೇಲೆ ಬಾಣದ ಗುರುತಿರುತ್ತದೆ. ಹೊಗೆ ಹೋಗುವ ದಿಕ್ಕಿಗೇ ಅದು ನೋಡಬೇಕು. ತಲೆಕೆಳಗಾದರೆ ಇಳಿಯುವ ಹನಿ ಪದರದ ಸಂದಿನಲ್ಲಿ ನಿಂತು ಕೊರೆಯುತ್ತದೆ, ಮುಂದೆ ಮಸಿ ತೆಗೆಯುವ ಬ್ರಷ್ ಒಳಗಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಎಂಟು ಮೀಟರ್ ಉದ್ದದ ಉಕ್ಕು 400 ಡಿಗ್ರಿ ಕಾದರೆ ಐದು ಸೆಂಟಿಮೀಟರಿನಷ್ಟು ಹಿಗ್ಗುತ್ತದೆ. ಆ ಹಿಗ್ಗಿಗೂ ಅವಕಾಶ ಬಿಟ್ಟು ಕೊಳವೆಯನ್ನು ಮೇಲಿನ ತಟ್ಟೆಗೆ ತೂಗಿಸುತ್ತಾರೆ. ಸುತ್ತಲಿನ ಟೊಳ್ಳಿಗೆ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಕಾಳು ತುಂಬುತ್ತಾರೆ, ಇಲ್ಲವೇ ಕೊಳವೆಗೆ ಶಾಖನಿರೋಧಕ ಹೊದಿಕೆ ಸುತ್ತಿಯೇ ಇಳಿಸುತ್ತಾರೆ. ಚಳಿಗೆ ಕಂಬಳಿ ಹೊದಿಸಿದಂತೆ ಇದು ಹೊಗೆಯ ಬಿಸಿ ಕಾಯುತ್ತದೆ. ತುದಿಗೆ ಮಳೆ ತಡೆಯುವ ಟೋಪಿ ಹಾಕಿ, ಕೊನೆಗೆ ಹೊಗೆಬತ್ತಿ ಹಚ್ಚಿ ಸೋರಿಕೆಯನ್ನೂ ಸೆಳೆತವನ್ನೂ ಪರೀಕ್ಷಿಸುತ್ತಾರೆ.

ಇಂಗ್ಲೆಂಡಿನಲ್ಲಿ ಹೆಟಾಸ್‌ನಂಥ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡವರು ತಮ್ಮ ಕೆಲಸಕ್ಕೆ ತಾವೇ ಪ್ರಮಾಣಪತ್ರ ಕೊಡಬಹುದು. ಬೇರೆಯವರು ಮಾಡಿದರೆ ಸ್ಥಳೀಯ ಕಟ್ಟಡ ನಿಯಂತ್ರಣದವರ ಒಪ್ಪಿಗೆ ಬೇಕು. ಹೊಸ ಸೌದೆ ಒಲೆ ಕೂಡಿಸಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಯೂ ಇರಲೇಬೇಕು. ಒಮ್ಮೆ ಗೋಡೆಯೊಳಗೆ ಸೇರಿದ ಕೊಳವೆ ಮನೆಯವರ ಕಣ್ಣಿಗೆ ಮತ್ತೆ ಬೀಳುವುದಿಲ್ಲ. ಹಾಗಾಗಿ ಈ ಬಿಗಿ ನಿಯಮಗಳು ಅತಿಯಲ್ಲ.

ಅಂಥ ಊರುಗಳಲ್ಲಿ ಹಳೆಯ ಮನೆ ಕೊಂಡಿರುವ ಕನ್ನಡಿಗರಲ್ಲಿ ನನ್ನ ವಿನಂತಿ ಇದು: ಮೊದಲ ಬೆಂಕಿ ಹಚ್ಚುವ ಮುನ್ನ ಚಿಮಣಿಯ ಒಳಗನ್ನು ಬಲ್ಲವರಿಂದ ನೋಡಿಸಿ, ವರ್ಷಕ್ಕೊಮ್ಮೆಯಾದರೂ ಮಸಿ ತೆಗೆಸಿ, ಚೆನ್ನಾಗಿ ಒಣಗಿದ ಸೌದೆಯನ್ನೇ ಉರಿಸಿ. ಇಲ್ಲಿರುವವರಿಗೂ ಈ ಪಾಠ ದೂರದ್ದಲ್ಲ. ಕಿಟಕಿ ಮುಚ್ಚಿದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿದಾಗ ಹುಟ್ಟುವುದೂ ಅದೇ ವಾಸನೆಯಿಲ್ಲದ ವಿಷ. ನಿಮ್ಮ ಮನೆಯಲ್ಲಿ ಬೆಂಕಿ ಎಲ್ಲಿ ಉರಿಯುತ್ತದೋ, ಅದರ ಹೊಗೆ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಎಂಬುದನ್ನು ಇವತ್ತೇ ಒಮ್ಮೆ ನೋಡಿ.