ಅರವತ್ತನಾಲ್ಕು ಚಕ್ರಗಳ ಮೇಲೆ ಕಸದ ಯಂತ್ರ

ನೂರು ಟನ್ ತೂಗುವ ಯಂತ್ರವೊಂದನ್ನು ಹೊತ್ತ ಟ್ರೈಲರ್ ನಮ್ಮೂರ ಡಾಂಬರು ರಸ್ತೆಯಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಅದರ ಒಂದೊಂದು ಟಯರು ನೆಲವನ್ನು ಒತ್ತುವ ಭಾರ, ಜಲ್ಲಿ ತುಂಬಿಕೊಂಡು ದಿನಾ ಓಡಾಡುವ ಆರು ಚಕ್ರದ ಲಾರಿಯ ಟಯರಿನ ಭಾರಕ್ಕಿಂತ ಕಡಿಮೆ! ನಂಬಿಕೆ ಬರುವುದಿಲ್ಲ ಅಲ್ಲವೇ? ಲೆಕ್ಕ ಹಾಕಿ ನೋಡಿ. ಆರು ಚಕ್ರದ ಲಾರಿ ಸರಕು ಸೇರಿ 18.5 ಟನ್ ತೂಗಬಹುದು ಎನ್ನುತ್ತದೆ 2018ರ ಕೇಂದ್ರ ಸರ್ಕಾರದ ಅಧಿಸೂಚನೆ. ಅಂದರೆ ಟಯರಿಗೆ ಸರಾಸರಿ ಮೂರು ಟನ್. ನೂರು ಟನ್ನಿನ ಯಂತ್ರಕ್ಕೆ ಎಂಟು ಸಾಲು ಚಕ್ರಗಳ ಹೈಡ್ರಾಲಿಕ್ ಟ್ರೈಲರ್ ಕಟ್ಟಿದರೆ, ಸಾಲಿಗೆ ಎಂಟರಂತೆ ಒಟ್ಟು 64 ಟಯರು. ಟ್ರೈಲರಿನದೇ ತೂಕ ಸುಮಾರು 32 ಟನ್ ಎಂದು ಸೇರಿಸಿದರೂ ಒಂದು ಟಯರಿಗೆ ಬೀಳುವುದು ಎರಡು ಟನ್ನಿಗಿಂತ ತುಸು ಹೆಚ್ಚು, ಅಷ್ಟೇ!

ನೂರು ಟನ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಹಂಚಿಹೋಯಿತು. ಈ ಒಂದು ಸಂಗತಿ ತಲೆಯೊಳಗೆ ಹೊಕ್ಕರೆ ಸಾಕು, ಮಂಗಳೂರಿನ ಪಣಂಬೂರು ಬಂದರಿನಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಗೆ ಹೊರಡುವ ರಸ್ತೆಗಳೆಲ್ಲ ಹೊಸದಾಗಿ ಕಾಣತೊಡಗುತ್ತವೆ.

ಯಾವ ಯಂತ್ರದ ಮಾತಿದು? ನಾವು ಬಿಸಾಡಿದ್ದನ್ನು ಮತ್ತೆ ಬಳಕೆಗೆ ತರುವ ಯಂತ್ರದ್ದು. ಬಾಟಲಿ, ರಟ್ಟು, ಹಾಲಿನ ಪ್ಯಾಕೆಟ್ಟುಗಳನ್ನು ಹಿಂಡಿ ಚಚ್ಚೌಕ ಬೇಲ್ ಮಾಡುವ ಬೇಲಿಂಗ್ ಮೆಷಿನ್. ಟಯರು, ಪೈಪು, ಫ್ರಿಜ್ಜುಗಳನ್ನು ಚೂರು ಮಾಡುವ ಶ್ರೆಡ್ಡರ್. ಗುಜರಿ ಕಬ್ಬಿಣವನ್ನು ಕಾಗದದಂತೆ ಕತ್ತರಿಸುವ ಶಿಯರ್. ಚಿಕ್ಕವು ನಾಲ್ಕೈದು ಟನ್ನಿಗೆ ಮುಗಿಯುತ್ತವೆ. ದೊಡ್ಡ ಗುಜರಿ ಯಾರ್ಡುಗಳಿಗೆ ಬೇಕಾದವು ನೂರು ಟನ್ ದಾಟುತ್ತವೆ. ಹಡಗಿನ ಕಂಟೇನರಿನ ಬಾಗಿಲಿನ ಅಗಲ 2.34 ಮೀಟರ್ ಮಾತ್ರ. ಅದಕ್ಕಿಂತ ಅಗಲದ ಯಂತ್ರ ಒಳಗೆ ಹೋಗುವಂತೆಯೇ ಇಲ್ಲ. ಅದು ಪಕ್ಕದ ಗೋಡೆ, ಸೂರು ಎರಡೂ ಇಲ್ಲದ ಫ್ಲಾಟ್ ರ‍್ಯಾಕಿನ ಮೇಲೆ, ಇಲ್ಲವೇ ಹಡಗಿನ ಹೊಟ್ಟೆಯಲ್ಲಿ ಬಿಡಿಯಾಗಿ, ಕಡಲಿನ ಮೇಲೆ ತೇಲಿಕೊಂಡು ಬರಬೇಕು.

ಬಂದಿಳಿಯುವ ಜಾಗವೇ ಒಂದು ಬೆರಗು. ನವಮಂಗಳೂರು ಬಂದರು ಪ್ರಕೃತಿ ಕೊಟ್ಟದ್ದಲ್ಲ. ಪಣಂಬೂರಿನ ನೆಲವನ್ನು ಅಗೆದು, ಹೂಳೆತ್ತಿ, ಸಮುದ್ರವನ್ನು ಒಳಕ್ಕೆ ಕರೆಸಿಕೊಂಡು ಮಾಡಿದ್ದು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಅಲ್ಲಿ ಕ್ರೇನಿನ ಕೊಕ್ಕೆಗೆ ಯಂತ್ರ ನೇತಾಡುವ ಹೊತ್ತಿಗೆ ಎಲ್ಲರ ಕಣ್ಣು ಒಂದೇ ಗುರುತಿನ ಮೇಲೆ: ತಯಾರಕರು ಮೈಮೇಲೆ ಬಣ್ಣದಲ್ಲಿ ಬರೆದ ಗುರುತ್ವ ಕೇಂದ್ರದ ಚಿಹ್ನೆ. ಅದು ಟ್ರೈಲರಿನ ನಡುಗೆರೆಯ ಮೇಲೆಯೇ ಬಂದು ಕೂರಬೇಕು. ತುಸು ಅತ್ತಿತ್ತ ಕೂತರೆ ಒಂದು ಪಕ್ಕದ ಚಕ್ರಗಳಿಗೆ ಭಾರ ಹೆಚ್ಚಿ, ಮೊದಲ ತಿರುವಿನಲ್ಲೇ ಅಪಾಯ. ಕೂತ ಮೇಲೆ ಅಡಿಗೆ ಮರದ ದಿಮ್ಮಿ, ನಾಲ್ಕೂ ಮೂಲೆಗೆ ಸರಪಳಿ, ಸರಪಳಿಗೆ ಬಿಗಿತಿರುಪು.

ಇಲ್ಲಿಂದ ಮುಂದೆ ಅದು ಬರೀ ಲೋಡ್ ಅಲ್ಲ, ಒ.ಡಿ.ಸಿ. ಲೋಡ್, ಅಂದರೆ ಮಿತಿ ಮೀರಿದ ಅಳತೆಯ ಸರಕು. ಮೋಟಾರು ವಾಹನ ನಿಯಮ ರಸ್ತೆಯ ಮೇಲಿನ ವಾಹನಕ್ಕೆ ಒಪ್ಪುವ ಅಗಲ 2.6 ಮೀಟರ್. ಅದನ್ನು ದಾಟಿದ್ದಕ್ಕೆ ಪ್ರತ್ಯೇಕ ಅನುಮತಿ ಬೇಕು, ಕೆಂಪು ಬಾವುಟ ಬೇಕು, ದೀಪ ಬೇಕು, ಮುಂದೊಂದು ಪೈಲಟ್ ವಾಹನ ಬೇಕು. ಲೋಡ್ ಹೊರಡುವ ಎಷ್ಟೋ ದಿನ ಮೊದಲೇ ದಾರಿಯನ್ನು ಅಳೆದು ಬರುವವರಿದ್ದಾರೆ. ಕೂಳೂರಿನಲ್ಲಿ ಫಲ್ಗುಣಿ ದಾಟುವ ಸೇತುವೆ ಎಷ್ಟು ತಡೆದೀತು? ನಂತೂರಿನ ವೃತ್ತದಲ್ಲಿ ಬಾಲ ತಿರುಗೀತೇ? ಪಡೀಲಿನ ರೈಲ್ವೆ ಸೇತುವೆಯ ಕೆಳಗೆ ತಲೆ ತಾಗೀತೇ? ಫರಂಗಿಪೇಟೆಯಲ್ಲಿ ಯಾವ ತಂತಿ ಜೋತುಬಿದ್ದಿದೆ? ದಾರಿಯ ಒಂದೊಂದು ಕಂಬ, ಕೊಂಬೆ, ತಂತಿಗೂ ಕಾಗದದ ಮೇಲೆ ಒಂದೊಂದು ಅಂಕಿ. ಸದಾ ನಾವು ನಿದ್ದೆ ಮಾಡಿಕೊಂಡು ಹೋಗುವ ಬಸ್ಸಿನ ದಾರಿಯಿದು!

ಸೇತುವೆ ದಾಟುವ ಕ್ರಮವನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಸೇತುವೆಯ ಮೇಲೆ ಬೇರೊಂದು ವಾಹನ ಇರಕೂಡದು. ನಟ್ಟ ನಡುವೆ ಸಾಗಬೇಕು. ವೇಗ ಗಂಟೆಗೆ 5 ಕಿಲೋಮೀಟರ್, ಅಂದರೆ ಬಿರುಸಾಗಿ ನಡೆಯುವ ಮನುಷ್ಯನಷ್ಟೇ. ಬ್ರೇಕ್ ಹಾಕಲೇಬಾರದು! ಅಷ್ಟು ಭಾರ ತಟ್ಟನೆ ನಿಂತರೆ ಅದರ ನೂಕು ಸೇತುವೆಯ ಬೇರಿಂಗಿಗೂ ಕಂಬಕ್ಕೂ ಅಡ್ಡಲಾಗಿ ಬಡಿಯುತ್ತದೆ. ಟಯರಿನ ಭಾರ ಕಡಿಮೆಯಾದರೂ ಒಟ್ಟು ತೂಕ ಕಡಿಮೆಯಾಗಿಲ್ಲ ಎಂಬುದನ್ನು ಸೇತುವೆ ಮರೆಯುವುದಿಲ್ಲ.

ಬಿ.ಸಿ.ರೋಡಿನಲ್ಲಿ ದಾರಿ ಕವಲೊಡೆಯುತ್ತದೆ. ಬೆಂಗಳೂರಿನ ಕಡೆಯ ಲೋಡ್ ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ ಶಿರಾಡಿ ಘಾಟಿಗೆ ಮುಖ ಮಾಡುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದಕ್ಕೆ ದಾರಿಯಿಲ್ಲ, 2019ರ ಮಳೆಯಲ್ಲಿ ಗುಡ್ಡ ಕುಸಿದ ಮೇಲಂತೂ ಅಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ. ಕಡಲಿಗೂ ಘಟ್ಟಕ್ಕೂ ನಡುವಿನ ಈ ದಕ್ಷಿಣ ಕನ್ನಡ ಜಿಲ್ಲೆಗೆ ದೊಡ್ಡ ಯಂತ್ರ ಬರಲು ಹೋಗಲು ಇರುವ ಬಾಗಿಲುಗಳು ಎಷ್ಟು ಕಡಿಮೆ ನೋಡಿ. ಬಿ.ಸಿ.ರೋಡಿನಲ್ಲಿ ಎಡಕ್ಕೆ ತಿರುಗಿದ ಲೋಡ್ ಬಂಟ್ವಾಳ, ವಗ್ಗ, ಪುಂಜಾಲಕಟ್ಟೆಯ ಹಾದಿ ಹಿಡಿಯುತ್ತದೆ. ಆ ಹೆದ್ದಾರಿಯಿಂದ ಒಳಗೆ ವಾಮದಪದವು ಎಂಬ ಊರು: ಸಮುದಾಯ ಆರೋಗ್ಯ ಕೇಂದ್ರ, ಪ್ರಥಮ ದರ್ಜೆ ಕಾಲೇಜು, ಸುತ್ತ ಅಡಿಕೆ ತೋಟ, ರಬ್ಬರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗೆಲ್ಲ ಇಲ್ಲಿಂದ ರಸ್ತೆಗಳು.

ಇಂಥ ಏರಿಳಿತದ, ಅಂಕುಡೊಂಕಿನ ರಸ್ತೆಯಲ್ಲಿ ನೂರು ಟನ್ ಸಾಗುವುದು ಹೇಗೆ ಎಂದು ಕೇಳುವವರಿಗೆ ಈ ನೆಲದಲ್ಲೇ ಉತ್ತರವಿದೆ. 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಬಾಹುಬಲಿ ಬಂದದ್ದು ಇದೇ ಸೀಮೆಯ ಮಣ್ಣಿನ ಮೇಲೆ! ರೆಂಜಾಳ ಗೋಪಾಲ ಶೆಣೈ ಕೆತ್ತಿದ 39 ಅಡಿಯ ಏಕಶಿಲಾ ಮೂರ್ತಿ, ತೂಕ ಸುಮಾರು 170 ಟನ್. ಅದನ್ನು ಹೊತ್ತದ್ದು 64 ಚಕ್ರಗಳ ಟ್ರಾಲಿ. ಇನ್ನೂ ಹಿಂದೆ ಹೋಗಿ: 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಕಾರ್ಕಳದ ಗೊಮ್ಮಟನನ್ನು ಇಪ್ಪತ್ತು ಬಂಡಿಗಳ ಸಾಲಿನ ಮೇಲೆ ಬೆಟ್ಟಕ್ಕೆ ಏರಿಸಿದರು ಎಂಬ ಐತಿಹ್ಯವನ್ನು ಬ್ರಿಟಿಷ್ ಅಧಿಕಾರಿ ವಾಲ್‌ಹೌಸ್ 19ನೇ ಶತಮಾನದಲ್ಲಿ ಬರೆದಿಟ್ಟ. ಒಂದು ಬಂಡಿಯಲ್ಲ, ಇಪ್ಪತ್ತು! ಭಾರವನ್ನು ಗೆಲ್ಲಬೇಕಾದರೆ ಹಂಚಬೇಕು ಎಂಬುದು ನಮ್ಮವರಿಗೆ ಆರು ಶತಮಾನದ ಹಿಂದೆಯೇ ಗೊತ್ತಿತ್ತು.

ಇವತ್ತಿನ ಟ್ರೈಲರ್ ಅದಕ್ಕೆ ಸೇರಿಸಿದ್ದು ಎಣ್ಣೆ. ರಸ್ತೆಯ ಹಂಪು ದಾಟುವಾಗ ಬಗ್ಗಿ ಅದರ ಚಕ್ರಗಳನ್ನೊಮ್ಮೆ ನೋಡಬೇಕು. ಮೊದಲ ಸಾಲಿನ ಚಕ್ರ ಹಂಪಿನ ಮೇಲೆ ಏರುತ್ತದೆ, ಅದರ ಮೇಲಿನ ಸಿಲಿಂಡರ್ ಒಳಕ್ಕೆ ಕುಗ್ಗುತ್ತದೆ. ಕುಗ್ಗಿದಾಗ ಹೊರಬಿದ್ದ ಎಣ್ಣೆ ಕೊಳವೆಯಲ್ಲಿ ಹರಿದು ಪಕ್ಕದ ಸಿಲಿಂಡರುಗಳಿಗೆ ಹೋಗುತ್ತದೆ, ಅವು ತುಸು ತುಸುವೇ ಕೆಳಕ್ಕೆ ಚಾಚುತ್ತವೆ. ಎರಡನೆಯ ಸಾಲು ಏರುತ್ತದೆ, ಮೊದಲನೆಯದು ಇಳಿಯುತ್ತದೆ, ಮೂರನೆಯದು ಏರುತ್ತದೆ. ಚೋರಟೆಯ ಕಾಲುಗಳಂತೆ ಕೆಳಗೆ ಅಲೆ ಹರಿಯುತ್ತಿದ್ದರೂ ಮೇಲಿನ ಹಾಸು ಅಲುಗದು, ಯಂತ್ರ ಮಟ್ಟವಾಗಿಯೇ ಕೂತಿದೆ! ಒಂದೇ ಕೊಳವೆಗೆ ಜೋಡಿಸಿದ ಸಿಲಿಂಡರುಗಳಲ್ಲೆಲ್ಲ ಒತ್ತಡ ಒಂದೇ. ಒತ್ತಡ ಒಂದೇ ಆದರೆ ಹೊರುವ ಭಾರವೂ ಒಂದೇ. ಹೊಂಡಕ್ಕೆ ಇಳಿದ ಚಕ್ರ ತಪ್ಪಿಸಿಕೊಳ್ಳುವಂತಿಲ್ಲ, ದಿಣ್ಣೆ ಏರಿದ ಚಕ್ರ ತಾನೊಂದೇ ಹೊತ್ತು ಸಾಯುವಂತಿಲ್ಲ. ಇದನ್ನೆಲ್ಲ ಎಳೆಯುವ ಪುಲ್ಲರ್‌ಗಳಲ್ಲಿ ಹೆಸರಾದ ವೋಲ್ವೊ ಲಾರಿಗಳು ತಯಾರಾಗುವುದೂ ನಮ್ಮ ಹೊಸಕೋಟೆಯಲ್ಲೇ, 1998ರಿಂದ.

ಈಗ ನನ್ನನ್ನು ದಂಗುಬಡಿಸಿದ ಸಂಗತಿಗೆ ಬರುತ್ತೇನೆ. ಟ್ರೈಲರಿನ ಮೇಲೆ ಕೂತ ಬೇಲಿಂಗ್ ಮೆಷಿನ್‌ನ ಒಳಗೂ ಅದೇ ಎಣ್ಣೆ, ಅದೇ ಸಿಲಿಂಡರ್, ಅದೇ ನಿಯಮ! ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಕಂಡುಕೊಂಡ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದರಿಂದ ಹೈಡ್ರಾಲಿಕ್ ಪ್ರೆಸ್ ಮಾಡಿ ಪೇಟೆಂಟ್ ಪಡೆದ. ಇಪ್ಪತ್ತು ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿಗೆ 200 ಬಾರ್ ಒತ್ತಡದ ಎಣ್ಣೆ ಬಿಟ್ಟರೆ ಅದು ನೂಕುವ ಬಲ ಅರವತ್ತು ಟನ್ನಿಗೂ ಹೆಚ್ಚು. ಕೋಣೆ ತುಂಬ ಗಾಳಿಯೇ ಆಗಿದ್ದ ಬಾಟಲಿಗಳ ರಾಶಿ ಪಟಪಟ ಸದ್ದು ಮಾಡಿ, ತಂತಿ ಬಿಗಿದ ಗಟ್ಟಿ ಕಟ್ಟಾಗಿ ಹೊರಬರುತ್ತದೆ. ಒಂದೇ ನಿಯಮ ದಾರಿಯಲ್ಲಿ ಭಾರವನ್ನು ಹರಡುತ್ತದೆ, ಮುಟ್ಟಿದ ಮೇಲೆ ಬಲವನ್ನು ಒಂದೆಡೆ ಕೂಡಿಸುತ್ತದೆ. ಹೊತ್ತು ತಂದದ್ದೂ ಅದೇ, ದುಡಿಯುವುದೂ ಅದೇ!

ಈ ಯಂತ್ರಗಳು ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆಗಳ ಮೇಲೆ, ತೆಂಗು ಅಡಿಕೆ ತೋಟಗಳ ಮೇಲೆ ಬಂದು ಕೂತಿತು. ಜನ ಮನೆ ಬಿಟ್ಟು ಹೊರಡಬೇಕಾಯಿತು. ಊರೆಲ್ಲ ಹಂಚಿಕೊಳ್ಳಬೇಕಾದ ಭಾರವನ್ನು ಒಂದೇ ಹಳ್ಳಿಯ ಮೇಲೆ ಹೇರಿದ್ದರ ಫಲ ಅದು.

ಅದಾದ ಮೇಲೆ ಜಿಲ್ಲೆ ಎದ್ದು ನಿಂತ ರೀತಿ ಹೆಮ್ಮೆ ತರುವಂಥದ್ದು. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹಾದಿಯ ತೆಂಕ ಎಡಪದವಿನಲ್ಲಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸಬಲ್ಲ ಘಟಕ ಎದ್ದಿತು. ಕನ್ವೇಯರ್ ಬೆಲ್ಟಿನ ಎರಡೂ ಬದಿಗೆ ನಿಂತವರ ಕೈಗಳು ಹಾಲಿನ ಕವರನ್ನು ಒಂದು ಕಡೆ, ಗಟ್ಟಿ ಪ್ಲಾಸ್ಟಿಕ್ಕನ್ನು ಇನ್ನೊಂದು ಕಡೆ ಎಸೆಯುತ್ತವೆ, ಕೊನೆಯಲ್ಲಿ ಬೇಲಿಂಗ್ ಮೆಷಿನ್ ಕಾದಿರುತ್ತದೆ. ಬಂಟ್ವಾಳ ತಾಲೂಕಿಗೆ ನರಿಕೊಂಬು, ಬೆಳ್ತಂಗಡಿಗೆ ಉಜಿರೆ, ಪುತ್ತೂರಿಗೆ ಕೆದಂಬಾಡಿ ಎಂದು ಇನ್ನೂ ಮೂರು ಕಡೆ ಇಂಥ ಘಟಕಗಳ ಯೋಜನೆ ರೂಪುಗೊಂಡಿತು. ಅಲ್ಲಿಗೆ ಕಸ ಹೊತ್ತು ಹೋಗುವುದು ಗ್ರಾಮ ಪಂಚಾಯತಿಗಳ ಸ್ವಚ್ಛ ವಾಹಿನಿ. ಎಷ್ಟೋ ಕಡೆ ಅದರ ಸ್ಟಿಯರಿಂಗ್ ಹಿಡಿದವರು ಸಂಜೀವಿನಿ ಸ್ವಸಹಾಯ ಸಂಘದ ಅಕ್ಕಂದಿರು, ಲೈಸೆನ್ಸ್ ಪಡೆದು, ಕಡಿದಾದ ಗುಡ್ಡದ ರಸ್ತೆಗಳಲ್ಲಿ ಬೆಳಗ್ಗೆಯೇ ಮನೆಮನೆಗೆ ಗಾಡಿ ತಿರುಗಿಸುವವರು.

ಅರವತ್ತನಾಲ್ಕು ಚಕ್ರದ ಟ್ರೈಲರಿಗೂ ಅಕ್ಕಂದಿರ ಪುಟ್ಟ ಗಾಡಿಗೂ ಕೆಲಸ ಒಂದೇ. ಅದು ಯಂತ್ರದ ಭಾರವನ್ನು ಹಂಚುತ್ತದೆ, ಇದು ಊರಿನ ಭಾರವನ್ನು. ಇದು ನಿಂತರೆ ಅದು ತಂದ ಯಂತ್ರವೂ ನಿಂತಂತೆಯೇ. ಮೀನಿನ ಮುಳ್ಳು, ಅನ್ನ ಸಾರು ಬೆರೆತ ಪ್ಲಾಸ್ಟಿಕ್ಕು ಬೆಲ್ಟಿನ ಮೇಲೆ ಬಂದರೆ ಎಷ್ಟು ಟನ್ ಬಲದ ಸಿಲಿಂಡರೂ ಅದನ್ನು ಮಾರಾಟಕ್ಕೆ ಒದಗುವ ಬೇಲ್ ಮಾಡಲಾರದು. ತೊಳೆದು ಒಣಗಿಸಿದ ಒಂದು ಹಾಲಿನ ಕವರು, ಬೇರೆ ಚೀಲದಲ್ಲಿಟ್ಟ ಒಂದು ಒಡೆದ ಬಾಟಲಿ: ಅದು ವಾಮದಪದವಿನ ಒಂದು ಮನೆ ಹೊರುವ ಪಾಲು. ಚಕ್ರವೊಂದಕ್ಕೆ ಬೀಳುವ ಎರಡು ಟನ್ನಿಗೆ ಹೋಲಿಸಿದರೆ ಅದು ಏನೇನೂ ಅಲ್ಲ. ಹೊರದೇಶದ ಬಂದರಿನಿಂದ ಪಣಂಬೂರಿಗೆ, ಪಣಂಬೂರಿನಿಂದ ನಮ್ಮ ಗುಡ್ಡಗಳಿಗೆ ಇಷ್ಟು ಜನ, ಇಷ್ಟು ಬುದ್ಧಿ, ಇಷ್ಟು ಎಚ್ಚರ ಸೇರಿ ಯಂತ್ರವನ್ನು ತಂದು ನಿಲ್ಲಿಸುತ್ತಾರೆ. ನಮ್ಮ ಪಾಲಿಗೆ ಉಳಿದಿರುವುದು ಅಡುಗೆಮನೆಯಿಂದ ಅಂಗಳದವರೆಗಿನ ದಾರಿ ಮಾತ್ರ. ಅದನ್ನು ನಾಳೆ ಬೆಳಗ್ಗೆಯೇ ಕ್ರಮಿಸೋಣ!