ಮರದ ದೋಣಿ ನೀರಿಗೆ, ಉಕ್ಕಿನ ದೋಣಿ ನೆಲಕ್ಕೆ

ಹಳೇ ಹಡಗಿನ ಗತಿ ಏನಾಗುತ್ತದೆಂದು ಗೋವಾದ ಸಾವರ್ಡೆಯವರಿಗೆ ಹೇಳಿಕೊಡಬೇಕಿಲ್ಲ. ಈ ಸೀಮೆಯ ಗಣಿಗಳ ಅದಿರು ತುಂಬಿಕೊಂಡು ಜುವಾರಿ ನದಿಯಲ್ಲಿ ಮುರ್ಮಗೋವಾ ಬಂದರಿಗೆ ಸಾಗುತ್ತಿದ್ದ ಬಾರ್ಜ್‌ಗಳು, 2012ರಲ್ಲಿ ಗಣಿಗಾರಿಕೆ ನಿಂತ ಮೇಲೆ ಕೆಲಸವಿಲ್ಲದೆ ನಿಂತವು. ಹಲವು ಗುಜರಿಗೆ ಹೋದವು. ಕೆಲಸ ಮುಗಿದ ಹಡಗಿಗೆ ಇದೇ ಮಾಮೂಲಿ ಕೊನೆ. ಅದನ್ನು ತಪ್ಪಿಸಿ ಹಡಗನ್ನು ಮ್ಯೂಸಿಯಂ ಮಾಡಬೇಕೆನ್ನುವವರು ಮೊದಲು ನೋಡಬೇಕಾದ್ದು ಅದರ ಸಾಹಸದ ಕತೆಯನ್ನಲ್ಲ. ಅದು ಮರದ್ದೋ ಉಕ್ಕಿನದ್ದೋ ಎಂಬುದನ್ನು.

ಮರದ್ದಾದರೆ

ಅಮೆರಿಕದ ಕರಾವಳಿ ಕಾವಲು ಪಡೆಯ ‘ಸಿಜಿ 36500’ 36 ಅಡಿ ಉದ್ದದ ಮರದ ರಕ್ಷಣಾ ದೋಣಿ. 1952ರ ಫೆಬ್ರುವರಿ 18ರಂದು ಮ್ಯಾಸಚೂಸೆಟ್ಸ್ ಕರಾವಳಿಯ ಬಿರುಗಾಳಿಯಲ್ಲಿ ‘ಪೆಂಡಲ್ಟನ್’ ಎಂಬ ತೈಲ ಹಡಗು ಎರಡು ತುಂಡಾಯಿತು. ಬರ್ನಾರ್ಡ್ ವೆಬರ್ ಮತ್ತು ಮೂವರು ಸಂಗಡಿಗರು ಈ ಪುಟ್ಟ ದೋಣಿಯಲ್ಲಿ ಹೋದರು. ಅಲೆಯ ಹೊಡೆತಕ್ಕೆ ಮುಂದಿನ ಗಾಜು ಒಡೆಯಿತು, ದಿಕ್ಸೂಚಿ ಕಿತ್ತುಹೋಯಿತು. ಹನ್ನೆರಡು ಮಂದಿಯ ಲೆಕ್ಕದಲ್ಲಿ ಕಟ್ಟಿದ್ದ ದೋಣಿ 32 ಜನರನ್ನು ಹೇರಿಕೊಂಡು ದಡ ಸೇರಿತು.

1968ರಲ್ಲಿ ಸೇವೆ ಮುಗಿದ ಮೇಲೆ ಹದಿಮೂರು ವರ್ಷ ಅದು ದಡದ ಮೇಲೆ ಬಿಸಿಲು ಮಳೆಗೆ ಬಿದ್ದಿತ್ತು. ನೀರಿನಲ್ಲಿರುವಾಗ ಹಲಗೆಗಳು ತೇವ ಹೀರಿ ಉಬ್ಬುತ್ತವೆ, ಸಂದುಗಳು ಬಿಗಿಯಾಗುತ್ತವೆ. ದಡದಲ್ಲಿ ಒಣಗಿದರೆ ಅದೇ ಸಂದು ಬಾಯಿಬಿಡುತ್ತದೆ, ಅಲ್ಲಿ ಮಳೆನೀರು ಇಳಿದು ಮರ ಕೊಳೆಯುತ್ತದೆ. 1981ರಲ್ಲಿ ಆರ್ಲೀನ್ಸ್ ಊರಿನ ಇತಿಹಾಸ ಸಂಘದವರು ಅದನ್ನು ಪಡೆದು, ಸ್ವಯಂಸೇವಕರ ಕೈಯಲ್ಲಿ ದುರಸ್ತಿ ಮಾಡಿಸಿ, ಮರುವರ್ಷವೇ ನೀರಿಗಿಳಿಸಿದರು. ತೇಲುವ ಮ್ಯೂಸಿಯಂ ಆದದ್ದರಿಂದಲೇ ಅದು ಉಳಿಯಿತು.

ಉಕ್ಕಿನದ್ದಾದರೆ

ಸಾವರ್ಡೆಯಿಂದ ಮಡಗಾಂವಿಗೆ ಬಂದು ಕೊಂಕಣ ರೈಲು ಹಿಡಿದರೆ ಕಾರವಾರ. ಅಲ್ಲಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿರುವುದು ರಕ್ಷಣಾ ದೋಣಿಯಲ್ಲ, ನೌಕಾಪಡೆಯ ಕ್ಷಿಪಣಿ ದೋಣಿ ‘ಐಎನ್‌ಎಸ್ ಚಪಲ್’. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಇದು 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತಿಯಾಯಿತು, 2006ರಿಂದ ಮ್ಯೂಸಿಯಂ. 1971ರ ಯುದ್ಧದ ಕರಾಚಿ ದಾಳಿಯಲ್ಲಿ ಇದೂ ಇತ್ತೆಂದು ಹೇಳುವವರಿದ್ದಾರೆ. ಇಸವಿ ನೋಡಿದರೆ ಸಾಕು, ಆಗ ಹೋದದ್ದು ಇದಕ್ಕಿಂತ ಹಿಂದಿನ ತಂಡದ ದೋಣಿಗಳು ಎಂಬುದು ತಿಳಿಯುತ್ತದೆ.

ಸುಮಾರು 39 ಮೀಟರ್ ಉದ್ದದ ಈ ಉಕ್ಕಿನ ದೋಣಿಯನ್ನು ನೆಲಕ್ಕೆ ತಂದದ್ದು ಸರಿಯಾದ ಆಯ್ಕೆ. ಉಪ್ಪುನೀರು ಉಕ್ಕನ್ನು ತಿನ್ನುತ್ತದೆ. ತೇಲುವ ಹಡಗಿನ ತಳವನ್ನು ಆಗಾಗ ಡಾಕ್‌ಗೆ ಎಳೆದು ಕೆರೆದು ಬಣ್ಣ ಹೊಡೆಯಬೇಕು. ಮುಂಬೈಯಲ್ಲಿ ತೇಲುವ ಮ್ಯೂಸಿಯಂ ಆಗಿದ್ದ ವಿಮಾನವಾಹಕ ಹಡಗು ‘ವಿಕ್ರಾಂತ್’ 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಮುಚ್ಚಿತು. 2014ರಲ್ಲಿ ಒಡೆಯಲು ಹೋಯಿತು. ವಿಶಾಖಪಟ್ಟಣದಲ್ಲಿ ದಡಕ್ಕೆಳೆದ ಜಲಾಂತರ್ಗಾಮಿ ‘ಕುರ್ಸುರಾ’ 2002ರಿಂದ ಇಂದಿಗೂ ಜನರನ್ನು ಒಳಗೆ ಬಿಟ್ಟುಕೊಳ್ಳುತ್ತಿದೆ.

ಆದರೆ ನೆಲಕ್ಕೆ ಬಂದ ಮಾತ್ರಕ್ಕೆ ತುಕ್ಕು ಬಿಡುವುದಿಲ್ಲ. ಹಡಗಿನ ತಳಕ್ಕೆ ಸತುವಿನ ಗಟ್ಟಿಗಳನ್ನು ಕೂರಿಸಿರುತ್ತಾರೆ. ಸಮುದ್ರದ ನೀರು ಮೊದಲು ಸತುವನ್ನು ಕರಗಿಸುತ್ತದೆ, ಉಕ್ಕು ಬಚಾವಾಗುತ್ತದೆ. ಈ ಉಪಾಯ ನಡೆಯುವುದು ನೀರಿನೊಳಗೆ ಮಾತ್ರ. ದಡದಲ್ಲಿ ಸತು ಸುಮ್ಮನೆ ಕೂತಿರುತ್ತದೆ, ಕಾಯುವುದೇನಿದ್ದರೂ ಬಣ್ಣ. ಕಾರವಾರದ ಉಪ್ಪುಗಾಳಿ ದಿನವೂ ತಗಲುತ್ತದೆ, ಮಳೆಗಾಲದ ನೀರು ಡೆಕ್ಕಿನ ಮೂಲೆಗಳಲ್ಲಿ ನಿಲ್ಲುತ್ತದೆ. ಬೆಸುಗೆಯ ಗೆರೆಯ ಮೇಲೆ ಬಣ್ಣ ಗುಳ್ಳೆಯೆದ್ದಿದ್ದರೆ ಒಳಗೆ ತುಕ್ಕು ಶುರುವಾಗಿದೆ ಎಂದೇ ಅರ್ಥ. ಅದನ್ನು ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಬಳಿಯಬೇಕು. ಮುಂದಿನ ಮಳೆಗಾಲದ ನಂತರ ಮತ್ತೆ ಅದೇ ಕೆಲಸ.

ಚಪಲ್ ನೋಡಲು ಹೋದವರು ನಾಲ್ಕು ಕ್ಷಿಪಣಿ ಗೂಡುಗಳ ಮುಂದೆ ಫೋಟೋ ತೆಗೆಸಿಕೊಳ್ಳಲಿ, ಜೊತೆಗೆ ಈ ಬೆಸುಗೆಗಳನ್ನೂ ನೋಡಲಿ. ನಿವೃತ್ತ ಹಡಗೊಂದನ್ನು ಊರಿಗೆ ತರುತ್ತೇವೆಂದು ಯಾರಾದರೂ ಮುಂದೆ ಬಂದರೆ, ಉದ್ಘಾಟನೆಗೆ ಯಾರನ್ನು ಕರೆಯೋಣ ಎನ್ನುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹತ್ತನೇ ವರ್ಷದ ಬಣ್ಣದ ಖರ್ಚು ಯಾರದು?