49 ವರ್ಷದ ಬದುಕು, 54 ವರ್ಷದ ಬರ

ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಗಾಗಿ ಕರ್ನಾಟಕ ಕಾದದ್ದು 54 ವರ್ಷ. ಬೆಂಗಳೂರಿನ ಮಿಡ್‌ಫೀಲ್ಡರ್ ಕಾರ್ಲ್‌ಟನ್ ಚಾಪ್ಮನ್ ಬದುಕಿದ್ದು 49 ವರ್ಷ. ಕರ್ನಾಟಕಕ್ಕೆ ಮೈಸೂರು ಎಂಬ ಹೆಸರಿದ್ದಾಗ ನಮ್ಮ ತಂಡ 1946-47, 1952-53, 1967-68, 1968-69ರಲ್ಲಿ ಟ್ರೋಫಿ ಗೆದ್ದಾಗ ಅವರಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದು 1971ರ ಏಪ್ರಿಲ್‌ನಲ್ಲಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಅವರು ತೀರಿಕೊಂಡು ಎರಡು ವರ್ಷ ದಾಟಿತ್ತು. ನಮ್ಮ ನೆಲದ ಒಬ್ಬ ದೊಡ್ಡ ಆಟಗಾರನ ಇಡೀ ಆಯುಸ್ಸು ಆ ಬರಗಾಲದೊಳಗೇ ಮುಗಿದುಹೋಯಿತು.

ಅವರ ಲೆಕ್ಕ ಮಾತ್ರ ಬರಿದಾಗಿರಲಿಲ್ಲ:

• 1993, ಏಷ್ಯನ್ ಕಪ್ ವಿನ್ನರ್ಸ್ ಕಪ್: ಈಸ್ಟ್ ಬೆಂಗಾಲ್ 6, ಇರಾಕಿನ ಅಲ್ ಜವ್ರಾ 2. ಚಾಪ್ಮನ್ ಹ್ಯಾಟ್ರಿಕ್.
• 1995-97, ಪಂಜಾಬಿನ ಜೆಸಿಟಿ: 14 ಟ್ರೋಫಿ. ಸರಾಸರಿ ಏಳೂವರೆ ವಾರಕ್ಕೊಂದು.
• 1996-97: ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ಜೆಸಿಟಿಗೆ.
• 1997: ಭಾರತದ ನಾಯಕತ್ವ, ದಕ್ಷಿಣ ಏಷ್ಯಾದ ಸ್ಯಾಫ್ ಕಪ್. ಫೈನಲ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 5-1.
• 2000-01: ಈಸ್ಟ್ ಬೆಂಗಾಲ್ ನಾಯಕ, ಕ್ಲಬ್ಬಿಗೆ ಮೊದಲ ರಾಷ್ಟ್ರೀಯ ಲೀಗ್.

ಈ ಪಟ್ಟಿಯಲ್ಲಿ ಬೆಂಗಳೂರಿನ ಕ್ಲಬ್ ಒಂದೂ ಇಲ್ಲ. ಇಲ್ಲಿ ಆಟ ಕಲಿತ ಹುಡುಗ 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಅಕಾಡೆಮಿ ಸೇರಿದ. ಅಲ್ಲಿಂದ ಕೋಲ್ಕತ್ತಾ, ಪಂಜಾಬ್, ಕೊಚ್ಚಿ. ಬೂಟು ಕಳಚಿದ ಮೇಲೆ ಕೋಚ್ ಆಗಿ ಹೆಚ್ಚು ದುಡಿದದ್ದೂ ಹೊರಗೇ: ಟಾಟಾ ಅಕಾಡೆಮಿ, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತ್ತಾದ ಭವಾನಿಪುರ. 2017ರಲ್ಲಿ ಕೋಯಿಕ್ಕೋಡಿನ ಕ್ವಾರ್ಟ್ಜ್ ಅಕಾಡೆಮಿಯ ತಾಂತ್ರಿಕ ನಿರ್ದೇಶಕರಾದರು. ಆಟಗಾರನನ್ನೂ ಅವನ ಅನುಭವವನ್ನೂ ನಾವು ಎರಡು ಸಲ ಹೊರಗೆ ಕಳಿಸಿಕೊಟ್ಟೆವು.

ಮುಂದಿನ ಚಾಪ್ಮನ್ ದಕ್ಷಿಣ ಬೆಂಗಳೂರಿನ ಜಯನಗರದಲ್ಲೋ ಬನಶಂಕರಿಯಲ್ಲೋ ಬೆಳೆಯಬೇಕಾದರೆ ಎಷ್ಟು ಜಾಗ ಬೇಕು? ಅಂತರರಾಷ್ಟ್ರೀಯ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಒಟ್ಟು 7,140 ಚದರ ಮೀಟರ್, ಅಂದರೆ ಸುಮಾರು 76,850 ಚದರಡಿ. ಜಯನಗರದ ಭಾಷೆಯಲ್ಲಿ ಹೇಳುವುದಾದರೆ 32 ಸೈಟು, ಒಂದೊಂದೂ 60-40 ಅಡಿ. ಬಿಟಿಎಂ ಬಡಾವಣೆಯ 30-40 ಲೆಕ್ಕದಲ್ಲಿ 64. ಈ ಭಾಗದಲ್ಲಿ ಇಷ್ಟು ನೆಲವನ್ನು ಚೆಂಡಿಗೆ ಬಿಟ್ಟುಕೊಡುವುದು ಸುಲಭದ ಮಾತಲ್ಲ. ಹಾಗಾಗಿ ಮಕ್ಕಳು ಬಲೆ ಕಟ್ಟಿದ ಬಾಡಿಗೆ ಟರ್ಫಿನಲ್ಲಿ ಆಡುತ್ತಾರೆ. 40 x 20 ಮೀಟರಿನ ಟರ್ಫ್ ಎಂದಿಟ್ಟುಕೊಂಡರೂ 800 ಚದರ ಮೀಟರ್, ಮೈದಾನದ ಒಂಬತ್ತನೇ ಒಂದು ಭಾಗ. ದೊಡ್ಡ ಮೈದಾನದಲ್ಲಿ ತಲೆಗೆ 324 ಚದರ ಮೀಟರ್. ಐದೈದು ಮಂದಿಯ ಟರ್ಫಿನಲ್ಲಿ 80.

ಟರ್ಫಿನಲ್ಲಿ ಕಾಲು ಚುರುಕಾಗುತ್ತದೆ, ನಿಜ. ಆದರೆ ಎಡಗಡೆ ಚೆಂಡು ಹಿಡಿದವನು ತಲೆಯೆತ್ತಿ, ನಲವತ್ತು ಮೀಟರ್ ಆಚೆ ಬಲಗಡೆ ಓಡುತ್ತಿರುವವನ ಮುಂದಿನ ಖಾಲಿ ಜಾಗಕ್ಕೆ ಪಾಸ್ ಕೊಡುವುದನ್ನು ಇಪ್ಪತ್ತು ಮೀಟರ್ ಅಗಲದಲ್ಲಿ ಕಲಿಯಲಾಗದು. ಮಿಡ್‌ಫೀಲ್ಡರ್ ಕಸುಬು ಅದೇ. ದಕ್ಷಿಣ ಬೆಂಗಳೂರಿಗೆ ಬೇಕಿರುವುದು ಸಂಜೆ ಹೊತ್ತು ಮಕ್ಕಳಿಗೇ ಮೀಸಲಾದ ಒಂದು ಪೂರ್ತಿ ಮೈದಾನ, ಅಲ್ಲಿ ಸಂಬಳ ಪಡೆದು ಕಲಿಸುವ ಒಬ್ಬ ಹಳೆಯ ಆಟಗಾರ. ಮೂವತ್ತೆರಡು ಸೈಟಿನ ಬೆಲೆ ದೊಡ್ಡದು; ಐವತ್ತನಾಲ್ಕು ವರ್ಷದ ಬೆಲೆ ಅದಕ್ಕಿಂತ ದೊಡ್ಡದು.